ಅಗಲ, ಎತ್ತರದ ಟೆಕ್ಸ್ಟ್‌ಬಾಕ್ಸ್‌ಗಳು ಒಂದನ್ನೊಂದು ಬದಲಿಸುತ್ತಾ ಸ್ಟ್ಯಾಕ್ ಓವರ್‌ಫ್ಲೋ ಆಗುತ್ತಿದೆ, ಅದೂ ಕೆಲವು ಚಿತ್ರಗಳಿಗೆ ಮಾತ್ರ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಸಿ ಶಾರ್ಪ್ ಮತ್ತು ವಿನ್‌ಫಾರ್ಮ್ಸ್‌ನಲ್ಲಿ (ವಿಂಡೋಸ್ ಅಪ್ಲಿಕೇಶನ್‌ಗಳ ಕಿಟಕಿ, ಬಾಕ್ಸ್ ಕಟ್ಟುವ ಡಾಟ್‌ನೆಟ್ ಲೈಬ್ರರಿ) ಚಿತ್ರಗಳ ಅಳತೆ ಬದಲಿಸುವ ಒಂದು ಡೆಸ್ಕ್‌ಟಾಪ್ ಅಪ್ಲಿಕೇಶನ್ ಬರೆಯುತ್ತಿದ್ದೇನೆ. ಅದರಲ್ಲಿ ಒಂದು ಡೈಲಾಗ್ ಇದೆ. ಅಗಲಕ್ಕೆ ಒಂದು ಟೆಕ್ಸ್ಟ್‌ಬಾಕ್ಸ್, ಎತ್ತರಕ್ಕೆ ಇನ್ನೊಂದು, ಪಕ್ಕದಲ್ಲಿ "ಅನುಪಾತ ಹಾಗೇ ಇರಲಿ" ಅನ್ನುವ ಚೆಕ್‌ಬಾಕ್ಸ್. ಟಿಕ್ ಹಾಕಿದ್ದರೆ ಅಗಲ ಬದಲಿಸಿದಾಗ ಎತ್ತರ ತಾನೇ ಬದಲಾಗಬೇಕು, ಎತ್ತರ ಬದಲಿಸಿದಾಗ ಅಗಲ ಬದಲಾಗಬೇಕು.

ಎರಡು ಬಾಕ್ಸ್‌ಗೂ ಟೆಕ್ಸ್ಟ್‌ಚೇಂಜ್ಡ್ ಹ್ಯಾಂಡ್ಲರ್, ಅಂದರೆ ಬಾಕ್ಸ್‌ನ ಬರಹ ಬದಲಾದಾಗಲೆಲ್ಲಾ ಓಡುವ ಫಂಕ್ಷನ್ ಬರೆದಿದ್ದೇನೆ. ಅಗಲದ ಹ್ಯಾಂಡ್ಲರ್ ಸಂಖ್ಯೆ ಓದಿಕೊಂಡು, ಅನುಪಾತದಿಂದ ಗುಣಿಸಿ, ಎತ್ತರದ ಬಾಕ್ಸ್‌ಗೆ ಬರೆಯುತ್ತದೆ. ಎತ್ತರದ ಹ್ಯಾಂಡ್ಲರ್ ಅದನ್ನೇ ಉಲ್ಟಾ ಮಾಡುತ್ತದೆ. ಸೊನ್ನೆ ಪಿಕ್ಸೆಲ್ ಯಾವತ್ತೂ ಬರಬಾರದು ಅಂತ ಎರಡೂ ಕಡೆ ಮ್ಯಾತ್.ಸೀಲಿಂಗ್ ಬಳಸಿ ಮೇಲಕ್ಕೆ ಪೂರ್ಣಾಂಕ ಮಾಡುತ್ತಿದ್ದೇನೆ.

4000 × 3000 ಅಳತೆಯ ಚಿತ್ರ ತೆರೆದರೆ ಹೆಚ್ಚುಕಮ್ಮಿ ಎಲ್ಲಾ ಸರಿಯಾಗಿರುತ್ತದೆ. ಸ್ವಲ್ಪ ಕ್ರಾಪ್ ಮಾಡಿ 4001 × 2999 ಆಗಿರುವ ಚಿತ್ರ ತೆರೆದು ಅಗಲದಲ್ಲಿ 800 ಬರೆಯಲು ಹೋದರೆ, ಮೊದಲ ಅಂಕಿ 8 ಒತ್ತುತ್ತಿದ್ದಂತೆ ಇಡೀ ಅಪ್ಲಿಕೇಶನ್ ಮಾಯವಾಗುತ್ತದೆ. ಎರರ್ ಬಾಕ್ಸ್ ಕೂಡ ಬರುವುದಿಲ್ಲ. ಹ್ಯಾಂಡ್ಲರ್ ಒಳಗೆ ಟ್ರೈ ಕ್ಯಾಚ್ ಹಾಕಿ ನೋಡಿದೆ, ಕ್ಯಾಚ್‌ಗೆ ಏನೂ ಸಿಗುವುದಿಲ್ಲ.

ಇನ್ನೊಂದು ವಿಚಿತ್ರ ಇದೆ, ಇದಕ್ಕೆ ಸಂಬಂಧವಿದೆಯೋ ಇಲ್ಲವೋ ಗೊತ್ತಿಲ್ಲ. ಸರಿಯಾಗಿ ನಡೆಯುವ 4000 × 3000 ಚಿತ್ರದಲ್ಲೂ ಅಗಲಕ್ಕೆ 5 ಅಂತ ಒತ್ತಿದರೆ ಅದು 8 ಆಗಿಬಿಡುತ್ತದೆ, ಕರ್ಸರ್ ಕೂಡ ಬಾಕ್ಸ್‌ನ ಶುರುವಿಗೆ ಹೋಗಿ ಕೂರುತ್ತದೆ. 8 ಒತ್ತಿದರೆ ಮಾತ್ರ 8 ಆಗಿಯೇ ಉಳಿಯುತ್ತದೆ.

ಒಂದು ಹ್ಯಾಂಡ್ಲರ್ ಇನ್ನೊಂದನ್ನು ಕರೆಯುತ್ತಿದೆ ಅನ್ನುವುದು ಅರ್ಥವಾಗಿದೆ. ಆದರೆ ಹಾಗಿದ್ದರೆ ಎಲ್ಲಾ ಚಿತ್ರಗಳಿಗೂ ಕ್ರ್ಯಾಶ್ ಆಗಬೇಕಿತ್ತು ಅಲ್ವಾ? ಇದನ್ನು ಡೀಬಗ್ ಮಾಡುವುದು ಹೇಗೆ, ಸರಿಯಾದ ಪರಿಹಾರ ಯಾವುದು, ದಯವಿಟ್ಟು ತಿಳಿಸಿ.

ಉತ್ತರ 1

ಫಾರ್ಮ್ ಕ್ಲಾಸ್‌ನಲ್ಲಿ ಒಂದು ಬೂಲ್ (ಟ್ರೂ ಅಥವಾ ಫಾಲ್ಸ್ ಆಗುವ ಫ್ಲಾಗ್) ಇಟ್ಟುಕೊಳ್ಳಿ, "ಈಗ ಪ್ರೋಗ್ರಾಂ ಬರೆಯುತ್ತಿದೆ" ಅನ್ನುವ ಅರ್ಥದ ಹೆಸರು ಕೊಡಿ. ಹ್ಯಾಂಡ್ಲರ್ ಶುರುವಿನಲ್ಲೇ ಅದು ಟ್ರೂ ಇದೆಯಾ ನೋಡಿ, ಇದ್ದರೆ ಸುಮ್ನೆ ರಿಟರ್ನ್ ಮಾಡಿ. ಇಲ್ಲದಿದ್ದರೆ ಟ್ರೂ ಮಾಡಿ, ಇನ್ನೊಂದು ಬಾಕ್ಸ್‌ಗೆ ಬರೆದು, ಮತ್ತೆ ಫಾಲ್ಸ್ ಮಾಡಿ. ನಿಮ್ಮ ಕ್ರ್ಯಾಶ್ ಅಲ್ಲಿಗೆ ನಿಲ್ಲುತ್ತದೆ.

ಕೆಲವರು ಬರೆಯುವ ಮೊದಲು ಹ್ಯಾಂಡ್ಲರನ್ನು ಈವೆಂಟ್‌ನಿಂದ ಬಿಚ್ಚಿ, ಬರೆದ ಮೇಲೆ ಮತ್ತೆ ಕಟ್ಟುತ್ತಾರೆ. ಅದೂ ನಡೆಯುತ್ತದೆ, ಆದರೆ ನನಗೆ ಇಷ್ಟವಿಲ್ಲ. ಎಲ್ಲೋ ಒಂದು ಕಡೆ ಬಿಚ್ಚದೆ ಕಟ್ಟಿಬಿಟ್ಟರೆ ಅದೇ ಹ್ಯಾಂಡ್ಲರ್ ಪ್ರತಿ ಸಲವೂ ಎರಡೆರಡು ಬಾರಿ ಓಡುತ್ತದೆ, ಅದನ್ನು ಹುಡುಕುವುದು ಇನ್ನೂ ಕಷ್ಟ.

ಪ್ರಶ್ನೆ ಕೇಳಿದವರಿಂದ

ಧನ್ಯವಾದ. ಫ್ಲಾಗ್ ಹಾಕಿದೆ, ಕ್ರ್ಯಾಶ್ ನಿಂತಿತು. 5 ಒತ್ತಿದರೆ 8 ಆಗುವುದೂ ನಿಂತಿತು. ಅಂದರೆ ಎರಡೂ ಒಂದೇ ತೊಂದರೆ ಅಂತಾಯಿತು. ಆದರೆ ಹೇಗೆ ಒಂದೇ ಅನ್ನುವುದು ಇನ್ನೂ ತಲೆಗೆ ಹೋಗಿಲ್ಲ.

ಈಗ ಹೊಸದೊಂದು ಶುರುವಾಗಿದೆ. ಬಾಕ್ಸ್‌ನಲ್ಲಿರುವುದನ್ನೆಲ್ಲಾ ಅಳಿಸಿ ಮತ್ತೆ ಸಂಖ್ಯೆ ಬರೆದರೆ ಇನ್ನೊಂದು ಬಾಕ್ಸ್ ಬದಲಾಗುವುದೇ ಇಲ್ಲ. ಡೈಲಾಗ್ ಮುಚ್ಚಿ ತೆರೆದರೆ ಮತ್ತೆ ಸರಿಹೋಗುತ್ತದೆ.

ಉತ್ತರ 2

ಹೊಸ ತೊಂದರೆಯಿಂದ ಶುರು ಮಾಡುತ್ತೇನೆ, ಅದು ಸುಲಭ. ಬಾಕ್ಸ್ ಖಾಲಿ ಇದ್ದಾಗ ಸಂಖ್ಯೆ ಸಿಗದೆ ನೀವು ಮಧ್ಯದಲ್ಲೇ ರಿಟರ್ನ್ ಮಾಡುತ್ತಿರಬೇಕು, ಅದೂ ಫ್ಲಾಗ್ ಟ್ರೂ ಮಾಡಿದ ಮೇಲೆ. ಹಾಗಾಗಿ ಅದನ್ನು ಫಾಲ್ಸ್ ಮಾಡುವ ಸಾಲು ಓಡುವುದೇ ಇಲ್ಲ. ಆಮೇಲೆ ಎರಡೂ ಹ್ಯಾಂಡ್ಲರ್‌ಗಳು "ಪ್ರೋಗ್ರಾಂ ಬರೆಯುತ್ತಿದೆ" ಅಂದುಕೊಂಡು ಸುಮ್ಮನಿರುತ್ತವೆ. ಸಂಖ್ಯೆ ಓದುವ, ಪರೀಕ್ಷಿಸುವ ಕೆಲಸವೆಲ್ಲಾ ಫ್ಲಾಗ್ ಹಾಕುವ ಮೊದಲೇ ಮುಗಿಸಿ. ಬರೆಯುವ ಆ ಒಂದು ಸಾಲನ್ನು ಟ್ರೈ ಒಳಗೆ ಇಟ್ಟು, ಫ್ಲಾಗ್ ಇಳಿಸುವುದನ್ನು, ಅಂದರೆ ಫಾಲ್ಸ್ ಮಾಡುವುದನ್ನು, ಎರರ್ ಬಂದರೂ ಓಡುವ ಫೈನಲಿಯಲ್ಲಿ ಇಡಿ. ಎಕ್ಸೆಲ್‌ನಲ್ಲಿ ಮ್ಯಾಕ್ರೋ ಬರೆಯುವವರಿಗೂ ಇದೇ ಕಾಟ. ಶೀಟ್ ಬದಲಾದಾಗ ಓಡುವ ಮ್ಯಾಕ್ರೋ ಅದೇ ಶೀಟಿಗೆ ಬರೆಯುವ ಮೊದಲು ಎನೇಬಲ್‌ಈವೆಂಟ್ಸ್ ಅನ್ನು ಫಾಲ್ಸ್ ಮಾಡುತ್ತಾರೆ. ಮಧ್ಯೆ ಎರರ್ ಬಂದು ಮ್ಯಾಕ್ರೋ ನಿಂತರೆ ಅದು ಫಾಲ್ಸ್ ಆಗಿಯೇ ಉಳಿಯುತ್ತದೆ, ಆಮೇಲೆ ಯಾವ ಈವೆಂಟ್ ಮ್ಯಾಕ್ರೋನೂ ಓಡುವುದಿಲ್ಲ.

ಈಗ ನಿಮ್ಮ ಮೂಲ ಪ್ರಶ್ನೆ. ನನ್ನ ದೃಷ್ಟಿಯಲ್ಲಿ ಇದು ಫ್ಲಾಗ್‌ಗಿಂತ ಮುಖ್ಯ. 5 ಒತ್ತಿದಾಗ ಏನಾಗುತ್ತದೆ ಅಂತ ಕಾಗದದ ಮೇಲೆ ಬರೆದು ನೋಡಿ. ಅನುಪಾತ 4:3. ಅಗಲ 5 ಅಂದರೆ ಎತ್ತರ 3.75, ಮೇಲಕ್ಕೆ ಏರಿಸಿದರೆ 4. ಎತ್ತರ 4 ಅಂತ ಬರೆದ ತಕ್ಷಣ ಎತ್ತರದ ಹ್ಯಾಂಡ್ಲರ್ ಓಡುತ್ತದೆ. ಅದರ ಲೆಕ್ಕದಲ್ಲಿ ಅಗಲ 5.33, ಏರಿಸಿದರೆ 6. ಅಗಲ 6 ಆಯಿತು, ಎತ್ತರ 4.5 ಹೋಗಿ 5. ಎತ್ತರ 5 ಕ್ಕೆ ಅಗಲ 7. ಅಗಲ 7 ಕ್ಕೆ ಎತ್ತರ 6. ಎತ್ತರ 6 ಕ್ಕೆ ಅಗಲ ಸರಿಯಾಗಿ 8, ಉಳಿಕೆ ಏನೂ ಇಲ್ಲ. ಅಗಲ 8 ಕ್ಕೆ ಎತ್ತರ ಸರಿಯಾಗಿ 6. ಎತ್ತರದ ಬಾಕ್ಸ್‌ನಲ್ಲಿ ಆಗಲೇ 6 ಇದೆ. ಟೆಕ್ಸ್ಟ್‌ಬಾಕ್ಸ್‌ಗೆ ಇರುವ ಮಾತನ್ನೇ ಮತ್ತೆ ಬರೆದರೆ ಟೆಕ್ಸ್ಟ್‌ಚೇಂಜ್ಡ್ ಬರುವುದಿಲ್ಲ. ಹಾಗಾಗಿ ಸರಪಳಿ ಅಲ್ಲಿ ನಿಂತಿತು, ನಿಮ್ಮ ಕಣ್ಣಿಗೆ 8 ಕಂಡಿತು. ನೀವೇ 8 ಒತ್ತಿದ್ದರೆ ಮೊದಲ ಸುತ್ತಿನಲ್ಲೇ ನಿಲ್ಲುತ್ತಿತ್ತು. ಪ್ರೋಗ್ರಾಂ ಟೆಕ್ಸ್ಟ್ ಬದಲಿಸಿದಾಗ ಕರ್ಸರ್ ಶುರುವಿಗೆ ಹೋಗುತ್ತದೆ, ಆ ವಿಚಿತ್ರಕ್ಕೂ ಕಾರಣ ಇದೇ.

4001 × 2999 ನೋಡಿ. ಈ ಎರಡು ಸಂಖ್ಯೆಗಳಿಗೆ 1 ಬಿಟ್ಟರೆ ಬೇರೆ ಸಾಮಾನ್ಯ ಅಪವರ್ತನ ಇಲ್ಲ. ಉಳಿಕೆ ಇಲ್ಲದೆ ಲೆಕ್ಕ ಕೂಡುವ ಮೊದಲ ಜೋಡಿಯೇ 4001 ಮತ್ತು 2999. 8 ಒತ್ತಿದಿರಿ, ಎತ್ತರ 6. ಆಮೇಲೆ ಅಗಲ 9, ಎತ್ತರ 7, ಅಗಲ 10, ಎತ್ತರ 8. ಪ್ರತಿ ಸುತ್ತಿಗೂ ಎತ್ತರ ಒಂದೊಂದೇ ಏರುತ್ತದೆ, 2999 ಮುಟ್ಟುವವರೆಗೆ. ಹತ್ತಿರಹತ್ತಿರ 3000 ಸುತ್ತು, ಅದರಲ್ಲಿ ಒಂದು ಕಾಲ್ ಕೂಡ ಇನ್ನೂ ವಾಪಸ್ ಬಂದಿಲ್ಲ. ಒಂದೊಂದು ಸುತ್ತಿನಲ್ಲೂ ನಿಮ್ಮ ಎರಡು ಫಂಕ್ಷನ್ ಮಾತ್ರ ಇರುವುದಿಲ್ಲ. ಟೆಕ್ಸ್ಟ್ ಬರೆದಾಗ ಅದು ವಿನ್‌ಫಾರ್ಮ್ಸ್‌ನ ಒಳಗಿನ ಹಲವು ಫಂಕ್ಷನ್ ದಾಟಿ ನಿಮ್ಮ ಹ್ಯಾಂಡ್ಲರ್ ತನಕ ಬರುತ್ತದೆ. ಅವೆಲ್ಲಾ ಸ್ಟ್ಯಾಕ್ ಮೇಲೆಯೇ, ಅಂದರೆ ಇನ್ನೂ ಮುಗಿಯದ ಕಾಲ್‌ಗಳನ್ನು ಇಡುವ ಮೆಮೊರಿಯಲ್ಲೇ, ಕೂತಿರುತ್ತವೆ. ವಿಂಡೋಸ್‌ನಲ್ಲಿ ಒಂದು ಥ್ರೆಡ್‌ನ ಸ್ಟ್ಯಾಕ್ ಸಾಮಾನ್ಯವಾಗಿ 1 ಎಂಬಿ. ಅದು ತುಂಬಿಹೋಗಿದೆ.

ಹಾಗಾಗಿ ಕಟ್ಟುನಿಟ್ಟಾಗಿ ಹೇಳಿದರೆ ಇದು ಕೊನೆಯೇ ಇಲ್ಲದ ರಿಕರ್ಷನ್ (ಫಂಕ್ಷನ್ ತಿರುಗಿ ತನ್ನನ್ನೇ ಕರೆಯುವುದು) ಅಲ್ಲ, ತುಂಬಾ ಆಳದ ರಿಕರ್ಷನ್. ಸ್ಟ್ಯಾಕ್ ದೊಡ್ಡದಿದ್ದಿದ್ದರೆ ಕ್ರ್ಯಾಶ್ ಇಲ್ಲದೆ, ಏನು ಒತ್ತಿದರೂ ಬಾಕ್ಸ್‌ನಲ್ಲಿ ಮೂಲ ಅಳತೆಯೇ ಬಂದು ಕೂರುತ್ತಿತ್ತು. ಡಬಲ್‌ನಲ್ಲಿ ಲೆಕ್ಕ ಮಾಡುತ್ತಿದ್ದರೆ ಅದೂ ಗ್ಯಾರಂಟಿ ಇಲ್ಲ, ದಶಮಾಂಶದ ಕೊನೆಯಲ್ಲಿ ಕೂದಲೆಳೆಯಷ್ಟು ಹೆಚ್ಚಾದರೂ ಸೀಲಿಂಗ್ ಅದನ್ನು ಒಂದು ಮೇಲಕ್ಕೆ ಏರಿಸುತ್ತದೆ, ಸರಪಳಿ ಆ ಜೋಡಿಯನ್ನು ದಾಟಿ ಮುಂದೆ ಹೋಗುತ್ತದೆ.

ಸೀಲಿಂಗ್ ಬದಲು ಮ್ಯಾತ್.ರೌಂಡ್ ಹಾಕಿದರೆ ಸಾಕಲ್ವಾ ಅಂತ ಅನಿಸಬಹುದು. ಕ್ರ್ಯಾಶ್ ನಿಲ್ಲುತ್ತದೆ, ಬೇಗ ಒಂದು ಕಡೆ ನೆಲೆ ನಿಲ್ಲುತ್ತದೆ. ಆದರೆ 4:3 ಚಿತ್ರದಲ್ಲಿ ಅಗಲ 6 ಒತ್ತಿ ನೋಡಿ. ಎತ್ತರ 4.5. ಡಾಟ್‌ನೆಟ್‌ನಲ್ಲಿ ರೌಂಡ್ ಸರಿಯಾಗಿ ಅರ್ಧ ಬಂದಾಗ ಸಮಸಂಖ್ಯೆಯ ಕಡೆ ಹೋಗುತ್ತದೆ, ಅಂದರೆ 4. ಅಲ್ಲಿಂದ ಅಗಲ 5.33, ಅಂದರೆ 5. ಬಳಸುವವರು 6 ಒತ್ತಿದರು, ಕಂಡದ್ದು 5. ಕ್ರ್ಯಾಶ್ ಆಗಿದ್ದರೆ ಯಾರಾದರೂ ಬಂದು ಹೇಳುತ್ತಿದ್ದರು. ಇದನ್ನು ಯಾರೂ ಹೇಳುವುದಿಲ್ಲ, ಅಪ್ಲಿಕೇಶನ್ ಮೇಲಿನ ನಂಬಿಕೆ ಮಾತ್ರ ಕಡಿಮೆಯಾಗುತ್ತದೆ.

ಅದಕ್ಕೇ ನಾನು ಹೇಳುವುದು ಇಷ್ಟು. ಮನುಷ್ಯರು ಯಾವ ಬಾಕ್ಸ್‌ನಲ್ಲಿ ಟೈಪ್ ಮಾಡುತ್ತಿದ್ದಾರೋ ಅದರ ಮೇಲೆ ಪ್ರೋಗ್ರಾಂ ಬರೆಯಬಾರದು. ಪೂರ್ಣಾಂಕ ಹೇಗೆ ಮಾಡುತ್ತೀರಿ ಅನ್ನುವುದು ಬೇರೆ ವಿಷಯ. ಈವೆಂಟ್ ಬಂದಾಗ "ಇದು ಅವರು ಮಾಡಿದ ಬದಲಾವಣೆಯೋ, ನಾನು ಮಾಡಿದ್ದೋ" ಅನ್ನುವುದು ಕೋಡ್‌ಗೆ ಗೊತ್ತಿರಬೇಕು. ಫ್ಲಾಗ್ ಇರುವುದು ಅದಕ್ಕಾಗಿ.

ಉತ್ತರ 3

ಮೇಲಿನವರು ಕಾರಣ ಚೆನ್ನಾಗಿ ಬಿಡಿಸಿದ್ದಾರೆ. ಡೀಬಗ್ ಮಾಡುವುದು ಹೇಗೆ ಅಂತಲೂ ಕೇಳಿದ್ದೀರಿ, ನಾನು ಅದನ್ನು ಹೇಳುತ್ತೇನೆ.

ಕ್ಯಾಚ್‌ಗೆ ಏನೂ ಸಿಗದಿರುವುದು ನಿಮ್ಮ ಕೋಡಿನ ದೋಷವಲ್ಲ. ಡಾಟ್‌ನೆಟ್ ಫ್ರೇಮ್‌ವರ್ಕ್ 2.0 ರಿಂದ ಈಚೆಗೆ ಸ್ಟ್ಯಾಕ್ ಓವರ್‌ಫ್ಲೋ ಆದರೆ ಪ್ರೋಸೆಸ್ ಅಲ್ಲೇ ಕೊನೆಯಾಗುತ್ತದೆ, ಹಿಡಿಯಲು ಬಿಡುವುದಿಲ್ಲ. ಬೇರೆಯವರ ಕಂಪ್ಯೂಟರಿನಲ್ಲಿ ಹೀಗೆ ಮಾಯವಾದರೆ ವಿಂಡೋಸ್‌ನ ಈವೆಂಟ್ ವ್ಯೂವರ್ ತೆರೆದು ನೋಡಿ. ಎಕ್ಸೆಪ್ಷನ್ ಕೋಡ್ ಸಿ00000ಎಫ್‌ಡಿ ಅಂತಿದ್ದರೆ ಅದು ಸ್ಟ್ಯಾಕ್ ಓವರ್‌ಫ್ಲೋ.

ಅನುಮಾನ ಇರುವ ಹ್ಯಾಂಡ್ಲರ್‌ನ ಮೊದಲ ಸಾಲಿನಲ್ಲಿ ರನ್‌ಟೈಮ್‌ಹೆಲ್ಪರ್ಸ್ ಕ್ಲಾಸ್‌ನ ಎನ್‌ಶೂರ್‌ಸಫಿಶಿಯಂಟ್‌ಎಕ್ಸಿಕ್ಯೂಷನ್‌ಸ್ಟ್ಯಾಕ್ ಕರೆಯಿರಿ. ಹೆಸರು ಉದ್ದ, ಆದರೆ ತುಂಬಾ ಉಪಯೋಗದ್ದು. ಸ್ಟ್ಯಾಕ್ ತುಂಬುವ ಸ್ವಲ್ಪ ಮೊದಲೇ ಅದು ಮಾಮೂಲಿ ಎಕ್ಸೆಪ್ಷನ್ ಎಸೆಯುತ್ತದೆ, ಅದನ್ನು ಹಿಡಿಯಬಹುದು, ಡೀಬಗರ್‌ನಲ್ಲಿ ನಿಧಾನವಾಗಿ ನೋಡಬಹುದು. ಕೆಲಸ ಮುಗಿದ ಮೇಲೆ ತೆಗೆದುಬಿಡಿ.

ಡೀಬಗರ್ ನಿಂತಾಗ ಕಾಲ್ ಸ್ಟ್ಯಾಕ್ ವಿಂಡೋ ನೋಡಿ. ವಿಶುವಲ್ ಸ್ಟುಡಿಯೋ ಹೊರಗಿನ ಕೋಡನ್ನು ಮುಚ್ಚಿಟ್ಟಿರುತ್ತದೆ. ರೈಟ್ ಕ್ಲಿಕ್ ಮಾಡಿ ಎಕ್ಸ್‌ಟರ್ನಲ್ ಕೋಡ್ ತೋರಿಸಲು ಹೇಳಿದರೆ ನಿಮ್ಮ ಒಂದು ಹ್ಯಾಂಡ್ಲರ್‌ನಿಂದ ಇನ್ನೊಂದಕ್ಕೆ ಯಾವ ದಾರಿಯಲ್ಲಿ ಹೋಗುತ್ತಿದೆ ಅನ್ನುವುದು ಕಾಣುತ್ತದೆ. ಮೇಲಿನಿಂದ ಕೆಳಗೆ ಬನ್ನಿ, ಅದೇ ಹೆಸರು ಎರಡನೇ ಸಲ ಎಲ್ಲಿ ಬರುತ್ತದೆ ಹುಡುಕಿ. ಆ ಎರಡರ ಮಧ್ಯೆ ಇರುವುದೇ ನಿಮ್ಮ ಒಂದು ಸುತ್ತು. ನಿಮ್ಮ ವಿಷಯದಲ್ಲಿ ಇಬ್ಬರೇ ಇದ್ದಾರೆ. ದೊಡ್ಡ ಅಪ್ಲಿಕೇಶನ್‌ಗಳಲ್ಲಿ ನಾಲ್ಕೈದು ಕಂಟ್ರೋಲ್‌ಗಳು ಸೇರಿ ಸುತ್ತುತ್ತಿರುತ್ತವೆ, ಕೋಡ್ ಓದಿ ಊಹಿಸಲು ಆಗುವುದೇ ಇಲ್ಲ. ಇಡೀ ಪಟ್ಟಿಯ ತಳಕ್ಕೂ ಒಮ್ಮೆ ಹೋಗಿ ಬನ್ನಿ, ಮೊದಲು ಕಿಡಿ ಹೊತ್ತಿಸಿದ್ದು ಯಾರು ಅಂತ ಅಲ್ಲಿ ಗೊತ್ತಾಗುತ್ತದೆ.

ನನಗೆ ಇದಕ್ಕಿಂತ ಜಾಸ್ತಿ ನೆರವಾಗುವುದು ಸುಮ್ನೆ ಪ್ರಿಂಟ್ ಮಾಡುವುದು. ಒಂದು ಆಳದ ಕೌಂಟರ್ ಇಟ್ಟು, ಹ್ಯಾಂಡ್ಲರ್ ಒಳಗೆ ಬಂದಾಗ ಒಂದು ಹೆಚ್ಚಿಸಿ, ಹೋಗುವಾಗ ಕಡಿಮೆ ಮಾಡಿ, ಡೀಬಗ್.ರೈಟ್‌ಲೈನ್‌ನಲ್ಲಿ ಆಳ, ಹಳೆಯ ಬೆಲೆ, ಹೊಸ ಬೆಲೆ ಮೂರನ್ನೂ ಬರೆಯಿರಿ. ಬೆಲೆಗಳು ಹೇಗೆ ಓಡುತ್ತವೆ ಅನ್ನುವುದರಲ್ಲೇ ಕಾಯಿಲೆ ಯಾವುದು ಅಂತ ತಿಳಿಯುತ್ತದೆ. ಒಂದೊಂದೇ ಏರುತ್ತಾ ಅಥವಾ ಇಳಿಯುತ್ತಾ ಹೋದರೆ ಪೂರ್ಣಾಂಕ ಮಾಡುವ ಲೆಕ್ಕ. ಎರಡೇ ಬೆಲೆಗಳು ಅತ್ತಿತ್ತ ಆಡುತ್ತಿದ್ದರೆ ಎರಡು ನಿಯಮಗಳು ಒಂದಕ್ಕೊಂದು ಒಪ್ಪುತ್ತಿಲ್ಲ, ಒಂದು ಕಡೆ ದೊಡ್ಡಕ್ಷರ ಮಾಡಿ ಇನ್ನೊಂದು ಕಡೆ ಸಣ್ಣಕ್ಷರ ಮಾಡಿದ ಹಾಗೆ. ಬೆಲೆ ಬದಲಾಗದೆ ಅದೇ ಅದೇ ಬರುತ್ತಿದ್ದರೆ ಎಲ್ಲೋ "ಇದು ಹಳೆಯದೇ, ಬಿಡು" ಅನ್ನುವ ಹೋಲಿಕೆ ಇಲ್ಲ. ಹೋಲಿಕೆ ಇದ್ದೂ ಹೀಗಾದರೆ ಬೆಲೆ ಎನ್‌ಎಎನ್ ("ಸಂಖ್ಯೆಯೇ ಅಲ್ಲ" ಅನ್ನುವ ವಿಶೇಷ ಬೆಲೆ) ಆಗಿದೆಯಾ ನೋಡಿ. ಅದು ತನಗೆ ತಾನೇ ಸಮ ಅಲ್ಲ, ಹಾಗಾಗಿ "ಹಳೆಯದು ಹೊಸದಕ್ಕೆ ಸಮವಲ್ಲದಿದ್ದರೆ" ಅನ್ನುವ ಷರತ್ತು ಪ್ರತಿ ಸಲವೂ ನಿಜವಾಗುತ್ತದೆ. ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದ ಅನುಪಾತ ಸಾಕು, ಅಲ್ಲಿಗೆ ಬರಲು.

ಬ್ರೇಕ್‌ಪಾಯಿಂಟ್ (ಡೀಬಗರ್ ಪ್ರೋಗ್ರಾಂ ನಿಲ್ಲಿಸಬೇಕಾದ ಸಾಲಿನ ಗುರುತು) ಬಗ್ಗೆ ಒಂದು ಎಚ್ಚರಿಕೆ. ಫೋಕಸ್ ಬಂದಾಗ, ಹೋದಾಗ, ಪೇಂಟ್ ಆಗುವಾಗ ಓಡುವ ಹ್ಯಾಂಡ್ಲರ್‌ಗಳಲ್ಲಿ ಬ್ರೇಕ್‌ಪಾಯಿಂಟ್ ಇಟ್ಟರೆ ಡೀಬಗರ್ ವಿಂಡೋ ಮುಂದೆ ಬಂದಾಗಲೇ ಹೊಸ ಈವೆಂಟ್‌ಗಳು ಹುಟ್ಟುತ್ತವೆ. ನೀವು ಹುಡುಕುತ್ತಿದ್ದ ಸರಪಳಿ ಯಾವುದು, ಡೀಬಗರ್ ಹುಟ್ಟಿಸಿದ್ದು ಯಾವುದು ಅಂತ ಗೊತ್ತಾಗುವುದಿಲ್ಲ. ಅಲ್ಲಿ ನಿಲ್ಲದೆ ಬರೀ ಪ್ರಿಂಟ್ ಮಾಡುವ ಟ್ರೇಸ್‌ಪಾಯಿಂಟ್ ಬಳಸಿ.

ಉತ್ತರ 4

ಇಷ್ಟೆಲ್ಲಾ ಬೇಕಾ? ಇನ್ನೊಂದು ಬಾಕ್ಸ್‌ಗೆ ಬರೆಯುವುದನ್ನು ಬಿಗಿನ್‌ಇನ್ವೋಕ್ ಒಳಗೆ ಹಾಕಿ. ಈಗಿನ ಹ್ಯಾಂಡ್ಲರ್ ಮುಗಿದು ವಾಪಸ್ ಹೋದ ಮೇಲೆ ಅದು ಓಡುತ್ತದೆ, ಸ್ಟ್ಯಾಕ್ ಬೆಳೆಯುವುದೇ ಇಲ್ಲ.

ಉತ್ತರ 2 ಬರೆದವರಿಂದ

ಸ್ಟ್ಯಾಕ್ ಬೆಳೆಯುವುದಿಲ್ಲ, ಒಪ್ಪುತ್ತೇನೆ. ಸುತ್ತು ಮಾತ್ರ ಹಾಗೇ ಇರುತ್ತದೆ. ಇದುವರೆಗೆ ಸ್ಟ್ಯಾಕ್ ಮೇಲೆ ನಡೆಯುತ್ತಿದ್ದದ್ದು ಈಗ ಮೆಸೇಜ್ ಕ್ಯೂನಲ್ಲಿ, ಅಂದರೆ ಅಪ್ಲಿಕೇಶನ್‌ಗೆ ಬರುವ ಸಂದೇಶಗಳ ಸರದಿಯಲ್ಲಿ, ನಡೆಯುತ್ತದೆ. ಇವರ ಉದಾಹರಣೆಯಲ್ಲಿ ಕ್ರ್ಯಾಶ್ ಬದಲು ಬಾಕ್ಸ್‌ಗಳಲ್ಲಿ ಸಂಖ್ಯೆಗಳು ತಾವೇ ಏರುತ್ತಾ ಹೋಗಿ 4001 ರಲ್ಲಿ ನಿಲ್ಲುತ್ತವೆ. ನಿಜವಾಗಿಯೂ ನಿಲ್ಲದ ಸರಪಳಿ ಆಗಿದ್ದರೆ ಇನ್ನೂ ಕೆಟ್ಟದ್ದು. ವಿಂಡೋಸ್ ಪೋಸ್ಟ್ ಮಾಡಿದ ಸಂದೇಶಗಳನ್ನು ಕೀಬೋರ್ಡ್, ಮೌಸ್‌ಗಿಂತ ಮೊದಲು ಕೊಡುತ್ತದೆ, ಪೇಂಟ್ ಮತ್ತು ಟೈಮರ್ ಕೊನೆಗೆ. ಸಂದೇಶ ಸಂದೇಶವನ್ನೇ ಹುಟ್ಟಿಸುತ್ತಿದ್ದರೆ ಉಳಿದವಕ್ಕೆ ಸರದಿಯೇ ಬರುವುದಿಲ್ಲ. ಕಿಟಕಿ ಬಿಳುಚಿಕೊಂಡು ನಿಲ್ಲುತ್ತದೆ, ಒಂದು ಸಿಪಿಯು ಕೋರ್ ಪೂರ್ತಿ ಓಡುತ್ತಿರುತ್ತದೆ. ಆಗ ಕಾಲ್ ಸ್ಟ್ಯಾಕ್ ನೋಡಿದರೆ ಸುತ್ತು ಕಾಣುವುದೂ ಇಲ್ಲ, ಪ್ರತಿ ಸಲವೂ ಹೊಸದಾಗಿ ಮೆಸೇಜ್ ಲೂಪ್‌ನಿಂದ ಬಂದ ಹಾಗೆ ಕಾಣುತ್ತದೆ. ಕ್ರ್ಯಾಶ್ ಆದರೂ ಸುಳಿವು ಬಿಟ್ಟು ಹೋಗುತ್ತಿತ್ತು, ದಯವಿಟ್ಟು ಅದನ್ನು ಕಳೆದುಕೊಳ್ಳಬೇಡಿ.

ಕಿಟಕಿಯನ್ನು ಪರದೆ ಮೇಲೆ ಬರೆಯುವ ಪೇಂಟ್ ಹ್ಯಾಂಡ್ಲರ್‌ನಲ್ಲೂ ಇದೇ ಜೋಡಿ ಇದೆ. ಅದರ ಒಳಗೆ ರಿಫ್ರೆಶ್ ಕರೆದರೆ ತಕ್ಷಣ ಮತ್ತೆ ಪೇಂಟ್ ಓಡಿ ಸ್ಟ್ಯಾಕ್ ತುಂಬುತ್ತದೆ. ಇನ್‌ವ್ಯಾಲಿಡೇಟ್ ಕರೆದರೆ ಸ್ಟ್ಯಾಕ್ ತುಂಬುವುದಿಲ್ಲ, ಆದರೆ ಕಿಟಕಿ ಬಿಡುವಿಲ್ಲದೆ ತನ್ನನ್ನು ತಾನೇ ಬರೆದುಕೊಳ್ಳುತ್ತಿರುತ್ತದೆ.

ಉತ್ತರ 5

ನಾನು ಕ್ಯೂಟಿ ಬಳಸುವವನು, ಅದು ವಿನ್‌ಫಾರ್ಮ್ಸ್‌ನಂಥದ್ದೇ ಇನ್ನೊಂದು ಲೈಬ್ರರಿ. ಅಲ್ಲಿ ಈ ವಿಷಯಕ್ಕೆ ಉಪಕರಣ ಚೆನ್ನಾಗಿದೆ ಅಂತ ಹೇಳಬೇಕು, ಏಕೆಂದರೆ ಮನುಷ್ಯರ ಬದಲಾವಣೆಗೂ ಪ್ರೋಗ್ರಾಂ ಬದಲಾವಣೆಗೂ ಬೇರೆಬೇರೆ ಸಿಗ್ನಲ್ (ಇಲ್ಲಿನ ಈವೆಂಟ್‌ನಂಥದ್ದು) ಕೊಟ್ಟಿದ್ದಾರೆ. ಕ್ಯೂಲೈನ್‌ಎಡಿಟ್‌ನಲ್ಲಿ ಟೆಕ್ಸ್ಟ್‌ಚೇಂಜ್ಡ್ ಯಾವಾಗಲೂ ಬರುತ್ತದೆ, ಟೆಕ್ಸ್ಟ್‌ಎಡಿಟೆಡ್ ಮಾತ್ರ ಬಳಸುವವರು ತಿದ್ದಿದಾಗಲಷ್ಟೇ ಬರುತ್ತದೆ. ಎರಡು ಬಾಕ್ಸ್‌ಗೂ ಟೆಕ್ಸ್ಟ್‌ಎಡಿಟೆಡ್ ಜೋಡಿಸಿದರೆ ಫ್ಲಾಗ್ ಬೇಕೇ ಇಲ್ಲ. ಬಟನ್‌ಗಳಲ್ಲೂ ಹಾಗೆಯೇ. ಪ್ರೋಗ್ರಾಂ ಸೆಟ್‌ಚೆಕ್ಡ್ ಕರೆದು ಸ್ಥಿತಿ ಬದಲಿಸಿದರೆ ಟಾಗಲ್ಡ್ ಬರುತ್ತದೆ, ಕ್ಲಿಕ್ಡ್ ಬರುವುದಿಲ್ಲ.

ಸ್ಪಿನ್‌ಬಾಕ್ಸ್‌ನಂಥ ಕಡೆ ಆ ಸೌಲಭ್ಯ ಇಲ್ಲದಿದ್ದಾಗ ಕ್ಯೂಸಿಗ್ನಲ್‌ಬ್ಲಾಕರ್ ಇದೆ, ಕ್ಯೂಟಿ 5.3 ರಿಂದ. ಬ್ಲಾಕ್ ಮುಗಿದಾಗ, ಎಕ್ಸೆಪ್ಷನ್ ಬಂದರೂ, ತಾನೇ ಬಿಡುಗಡೆಯಾಗುತ್ತದೆ. ಮೇಲೆ ಹೇಳಿದ ಫೈನಲಿಯ ಕೆಲಸ ಅದೇ ಮಾಡುತ್ತದೆ. ಆದರೆ ಒಂದು ಮಾತು. ಅದು ಆ ವಸ್ತುವಿನ ಸಿಗ್ನಲ್‌ಗಳನ್ನು ನಿಮಗೆ ಮಾತ್ರವಲ್ಲ, ಎಲ್ಲರಿಗೂ ತಡೆಯುತ್ತದೆ. ಅದೇ ಬಾಕ್ಸನ್ನು ನೋಡಿಕೊಂಡು ಪ್ರಿವ್ಯೂ ಬರೆಯುವ ಇನ್ನೊಂದು ಭಾಗ ಇದ್ದರೆ ಅದಕ್ಕೂ ಸುದ್ದಿ ಹೋಗದೆ ಹಳೆಯ ಚಿತ್ರವೇ ಉಳಿಯುತ್ತದೆ. ವಿನ್‌ಫಾರ್ಮ್ಸ್‌ನಲ್ಲಿ ನೀವು ಹಾಕಿರುವ ಫ್ಲಾಗ್ ಆ ವಿಷಯದಲ್ಲಿ ವಾಸಿ, ನಿಮ್ಮ ಎರಡು ಹ್ಯಾಂಡ್ಲರ್ ಮಾತ್ರ ಸುಮ್ಮನಾಗುತ್ತವೆ.

ಜಾವಾದಲ್ಲಿ ಇದೇ ಕೆಲಸದ ಲೈಬ್ರರಿಯಾದ ಸ್ವಿಂಗ್ ಇಲ್ಲಿ ತುಂಬಾ ಕಟ್ಟುನಿಟ್ಟು. ಡಾಕ್ಯುಮೆಂಟ್‌ಲಿಸನರ್ ಒಳಗಿಂದ ಅದೇ ಬಾಕ್ಸ್‌ಗೆ ಸೆಟ್‌ಟೆಕ್ಸ್ಟ್ ಮಾಡಲು ಹೋದರೆ ಇಲ್ಲೀಗಲ್‌ಸ್ಟೇಟ್‌ಎಕ್ಸೆಪ್ಷನ್ ಎಸೆಯುತ್ತದೆ. ಮೊದಲ ಸಲ ಸಿಟ್ಟು ಬರುತ್ತದೆ, ಆದರೆ ತಪ್ಪು ಮೊದಲ ಸುತ್ತಿನಲ್ಲೇ ಸಿಕ್ಕಿಬೀಳುತ್ತದಲ್ಲ, ಅದು ಒಳ್ಳೆಯದೇ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ತುಂಬಾ ಧನ್ಯವಾದ. ಆಳ ಮತ್ತು ಬೆಲೆ ಪ್ರಿಂಟ್ ಮಾಡಿ ನೋಡಿದೆ, ಎತ್ತರ 6, 7, 8 ಅಂತ ಏರುತ್ತಾ ಹೋಗುವುದು ಕಣ್ಣೆದುರೇ ಕಂಡಿತು. ಸಂಖ್ಯೆ ಓದುವುದನ್ನು ಫ್ಲಾಗ್‌ಗಿಂತ ಮೊದಲಿಗೆ ತಂದೆ, ಇಳಿಸುವುದನ್ನು ಫೈನಲಿಗೆ ಹಾಕಿದೆ. ಈಗ ಅಳಿಸಿ ಬರೆದರೂ ಸರಿಯಾಗಿದೆ.

ಒಂದೇ ಒಂದು ಉಳಿದಿದೆ. ಟಿಕ್ ತೆಗೆದು, ಎರಡೂ ಬಾಕ್ಸ್‌ನಲ್ಲಿ ಬೇರೆಬೇರೆ ಸಂಖ್ಯೆ ಹಾಕಿ, ಮತ್ತೆ ಟಿಕ್ ಹಾಕಿದರೆ ಯಾವುದನ್ನು ಉಳಿಸಿಕೊಂಡು ಯಾವುದನ್ನು ಬದಲಿಸಬೇಕು? ಈಗ ಅಗಲವನ್ನೇ ಉಳಿಸುತ್ತಿದ್ದೇನೆ. ಫೋಕಸ್ ಎಲ್ಲಿದೆ ಅಂತ ನೋಡೋಣ ಅಂದರೆ, ಕ್ಲಿಕ್ ಮಾಡಿದಾಗ ಫೋಕಸ್ ಚೆಕ್‌ಬಾಕ್ಸ್ ಮೇಲೆ ಇರುತ್ತದೆ.

ಉತ್ತರ 2 ಬರೆದವರಿಂದ

ಕೊನೆಗೆ ಮುಟ್ಟಿದ ಬಾಕ್ಸ್ ಉಳಿಯಲಿ. ಹ್ಯಾಂಡ್ಲರ್‌ನಲ್ಲಿ ಫ್ಲಾಗ್ ಇಳಿದಿದ್ದಾಗ, ಅಂದರೆ ಬದಲಾವಣೆ ಮನುಷ್ಯರದ್ದೇ ಆಗಿದ್ದಾಗ, "ಕೊನೆಗೆ ತಿದ್ದಿದ್ದು ಅಗಲ" ಅಥವಾ "ಎತ್ತರ" ಅಂತ ಒಂದು ವೇರಿಯೇಬಲ್‌ನಲ್ಲಿ ಬರೆದಿಡಿ. ಟಿಕ್ ಹಾಕಿದಾಗ ಅದನ್ನು ನೋಡಿ ಇನ್ನೊಂದನ್ನು ಲೆಕ್ಕ ಹಾಕಿ. ಫೋಕಸ್ ಮೇಲೆ ನಂಬಿಕೆ ಇಡಬೇಡಿ. ಆಮೇಲೆ ಪ್ರಿಸೆಟ್ ಪಟ್ಟಿಯಿಂದ ಅಳತೆ ತುಂಬುವ ಕೋಡ್ ಬಂದರೆ ಅಲ್ಲೂ ಫೋಕಸ್ ಬೇರೆಲ್ಲೋ ಇರುತ್ತದೆ.

ಇನ್ನೂ ಮುಂದೆ ಹೋಗುವುದಾದರೆ ಅಗಲ, ಎತ್ತರ, ಅನುಪಾತ, ಕೊನೆಗೆ ತಿದ್ದಿದ್ದು, ಈ ನಾಲ್ಕನ್ನೂ ಬಾಕ್ಸ್‌ಗಳಿಂದ ಹೊರಗೆ ಒಂದು ಸಣ್ಣ ಕ್ಲಾಸ್‌ನಲ್ಲಿ ಇಡಿ. ಹ್ಯಾಂಡ್ಲರ್‌ಗಳು ಆ ಕ್ಲಾಸ್‌ಗೆ ಮಾತ್ರ ಹೇಳಲಿ, ಲೆಕ್ಕ ಅಲ್ಲೇ ಆಗಲಿ, ಫಾರ್ಮ್ ಫ್ಲಾಗ್ ಏರಿಸಿ ಅದನ್ನು ತೋರಿಸಲಿ. ಆಗ 4001 × 2999, ಅಗಲ 8 ಅನ್ನುವುದನ್ನು ಫಾರ್ಮ್ ತೆರೆಯದೆಯೇ ಯೂನಿಟ್ ಟೆಸ್ಟ್‌ನಲ್ಲಿ ಹಾಕಬಹುದು. ಎತ್ತರ 6 ಬರಬೇಕು, ಅಗಲ 8 ಆಗಿಯೇ ಇರಬೇಕು.